ಅನಧ್ಯಾಯವೂ ಅತಿಥಿಯೂ

ಪಾಠಶಾಲೆಗಳಲ್ಲಿ ಓದಿದವರಿಗೆ ‘ಅನಧ್ಯಾಯ’ವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಒಂದು ಬಗೆಯ ಹರ್ಷವುಂಟಾಗುವುದು ಸ್ವಾಭಾವಿಕವಾಗಿದೆ. ಪ್ರತಿಪದೆ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ ಇವು ಬಂದುವೆಂದರೆ ವೇದಪಾಠವಿಲ್ಲ; ಹುಡುಗರು ತೋಟ ತಿರುಗುವರು, ಹೊಳೆಯಲ್ಲಿ ಈಸುವರು; ಗುರುಗಳು ತಮ್ಮ ಪುಸ್ತಕಗಳ ಧೂಳನ್ನು ಕೊಡಹುತ್ತ ಕುಳಿತಿರುವರು. ಇವು ತಿಥಿಗೆ ಕಟ್ಟುಬಿದ್ದ ಅನಧ್ಯಾಯಗಳು. ಇವಲ್ಲದೆ ಆಯಾ ಸಂದರ್ಭಕ್ಕೆ ಮಾತ್ರವೇ ಒದಗತಕ್ಕ ತಾತ್ಕಾಲಿಕವಾದ ಅನಧ್ಯಾಯಗಳೂ ಉಂಟು. ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ಇವು ಒಟ್ಟು 37 ಎಂದು ಎಣಿಸಲ್ಪಟ್ಟಿವೆ. ಆ ಸ್ಮೃತಿಗೆ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನಾದುದರಿಂದ ಕನ್ನಡ ನಾಡಿನವರಿಗೆ ಅದರಲ್ಲಿ ತುಸು ಹೆಚ್ಚಿನ ಮಮತೆಯಿರುವುದು ಸಹಜವೇ.

ಆ ಪಟ್ಟಿಯನ್ನು ಓದುತ್ತ ಹೋದವನಿಗೆ ಮೊದಮೊದಲು ನಗೆ ಬಂದರೆ ಆಶ್ಚರ್ಯವಿಲ್ಲ. ಧೂಳು ಸುರಿದಾಗ ಪಾಠವಿಲ್ಲ, ಮಂಜು ಕವಿದಾಗ ಇಲ್ಲ, ನಾಯಿಯೋ ನರಿಯೋ ಗೂಗೆಯೋ ಕೂಗಿದಾಗ ಇಲ್ಲ, ಕತ್ತೆಯನ್ನೇರಿದಾಗ ಇಲ್ಲ, ಓಡುತ್ತಿರುವಾಗ ಇಲ್ಲ. ಆದರೆ ಈ ಪಟ್ಟಿಯ ನಡುವೆ ಎರಡು ಸಂದರ್ಭಗಳು ಹೇಳಲ್ಪಟ್ಟಿವೆ. ಅಲ್ಲಿಗೆ ಬಂದಾಗ ನಗೆಯು ತಾನಾಗಿಯೇ ನಿಲ್ಲುತ್ತದೆ. ಸಂಕಟಪಡುವವನೊಬ್ಬನ ಕೂಗು ಕಿವಿಗೆ ಬಿದ್ದರೆ ಪಾಠವನ್ನು ನಿಲ್ಲಿಸತಕ್ಕದ್ದು. ಶಿಷ್ಟನಾದವನೊಬ್ಬನು ಮನೆಗೆ ಬಂದರೆ ಪಾಠವನ್ನು ನಿಲ್ಲಿಸತಕ್ಕದ್ದು. ಇಲ್ಲಿ ಬಿಡುವೆಂಬುದು ಓದುವವನ ಆಯಾಸ ಪರಿಹಾರಕ್ಕಾಗಿ ದೊರೆತುದಲ್ಲ. ತನ್ನ ಕೆಲಸಕ್ಕಿಂತ ದೊಡ್ಡದೊಂದು ಬಾಗಿಲಿಗೆ ಬಂದು ನಿಂತಿದೆ. ಅದರ ಕಡೆಗೆ ಮುಖ ತಿರುಗಿಸಬೇಕಾದುದರಿಂದ ಕೈಯಲ್ಲಿದ್ದ ಕೆಲಸವು ನಿಂತಿತು, ಅಷ್ಟೆ. ಅಂದರೆ ಆ ಕಾಲದ ವಿದ್ಯಾರ್ಥಿಗೆ ಬಿಡುವು ಸಿಕ್ಕಿದುದು ಅತಿಥಿಯನ್ನು ಬರಮಾಡಿಕೊಳ್ಳುವುದಕ್ಕಾಗಿ.

ಇಂದಿನ ದಿವಸ ಈ ಸಂಬಂಧವು ತಲೆಕೆಳಗಾಗಿದೆ. ಇಂದು ಬಿಡುವು ಸಿಗುವುದು ಸ್ವತಃ ಅತಿಥಿಯಾಗಿ ಹೋಗುವುದಕ್ಕೆ. ‘ರಜೆ’ಯೆಂಬ ಶಬ್ದವು ಒಪ್ಪಿಗೆ, ಅಪ್ಪಣೆ ಎಂಬ ಅರ್ಥವುಳ್ಳ ಪರಭಾಷೆಯ ಮಾತಿನಿಂದ ಬಂದುದು. ಕೆಲಸ ಮಾಡುವವನು ತನ್ನ ಯಜಮಾನನ ಒಪ್ಪಿಗೆಯನ್ನು ಪಡೆಯುತ್ತಾನೆ, ಶಾಲೆಯು ಮಕ್ಕಳಿಗೆ ಒಪ್ಪಿಗೆಯನ್ನು ಕೊಡುತ್ತದೆ, ಮನೆಮಂದಿಯೆಲ್ಲ ಹೊರಡುತ್ತಾರೆ. ಆದರೆ ಯಾವ ಊರಿಗೆ ಅವರು ಹೋಗುವರೋ ಆ ಊರಿನ ಒಪ್ಪಿಗೆಯನ್ನು ಕೇಳಿದವರಾರು? ಪ್ರಶ್ನೆಯು ವಿಚಿತ್ರವಾಗಿ ತೋರಬಹುದು. ಹಣ ಕೊಟ್ಟು ಕೊಠಡಿಯನ್ನು ಹಿಡಿದ ಮೇಲೆ ಒಪ್ಪಿಗೆಯ ಮಾತೆಲ್ಲಿ ಬಂತೆಂದು ವಾಚಕರು ಕೇಳಬಹುದು. ಅದೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡ ವಿಷಯ: ಬೆಲೆ ಕೊಟ್ಟವನಿಗೆ ಅತಿಥಿಯ ಧರ್ಮವಿದೆಯೇ, ಇಲ್ಲವೇ?

ಇದನ್ನು ಬರಿಯ ತರ್ಕದಿಂದ ನೋಡುವುದಕ್ಕಿಂತ ಒಂದು ಊರನ್ನು ಮುಂದಿರಿಸಿಕೊಂಡು ನೋಡುವುದು ಮೇಲು. ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿರುವ ಗೋಕರ್ಣವು ಎಲ್ಲರೂ ಬಲ್ಲ ಊರು. ಬಡಗಣದಲ್ಲಿ ಗಂಗಾವಳಿಯೂ ತೆಂಕಣದಲ್ಲಿ ಅಘನಾಶಿನಿಯೂ ಸಮುದ್ರವನ್ನು ಸೇರುತ್ತವೆ. ನಡುವೆ ಮಹಾಬಲೇಶ್ವರನ ಗುಡಿ, ಕೋಟಿತೀರ್ಥ, ರಥಬೀದಿ, ಹೆಂಚಿನ ಮನೆಗಳು, ಅವುಗಳ ಆಚೆಗೆ ಗದ್ದೆಬಯಲು. ಊರಿನಿಂದ ತೆಂಕಣಕ್ಕೆ ಗುಡ್ಡವನ್ನು ಹತ್ತಿ ಇಳಿದರೆ ಕುಡ್ಲೆಯ ಕಡಲತೀರ, ಮತ್ತೊಂದು ಗುಡ್ಡವನ್ನು ದಾಟಿದರೆ ಓಂಕಾರದ ಆಕಾರವುಳ್ಳ ಇನ್ನೊಂದು ತೀರ. ಯಾತ್ರಿಕರು ಈ ಊರಿಗೆ ಶತಮಾನಗಳಿಂದ ಬರುತ್ತಿರುವರು. 1990ರ ದಶಕದಿಂದೀಚೆಗೆ, ಗೋವೆಯ ಜನಸಂದಣಿಯಿಂದ ಬೇಸತ್ತ ಪಾಶ್ಚಾತ್ಯ ಪ್ರವಾಸಿಗಳು ಚಳಿಗಾಲಕ್ಕೆ ಇತ್ತ ಬರತೊಡಗಿದರು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆಯಿತು. ಬೆಟ್ಟದ ಮೇಲಿನ ದಾರಿಗಳೂ ಸುಧಾರಿಸಿದುವು. ಈಗಂತೂ ಡಿಸೆಂಬರದ ಕೊನೆಯ ವಾರ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ವಿದ್ಯಾವಂತ ಕುಟುಂಬಗಳೇ ಅಲ್ಲಿ ಕಿಕ್ಕಿರಿದಿರುತ್ತವೆ. ಆದಕಾರಣ ಈ ವಿಷಯದಲ್ಲಿ ಪರದೇಶದವರನ್ನು ದೂರುವುದು ಸುಲಭವಾದರೂ ನ್ಯಾಯವಲ್ಲ. ಈ ಪುಟವನ್ನು ಓದುವ ಮನೆಗಳಲ್ಲಿಯೇ ಆ ಪ್ರಯಾಣದ ಪೆಟ್ಟಿಗೆಗಳು ಸಿದ್ಧವಾಗಿರಬಹುದು.

ಹೀಗೆ ಬರುವವರಿಗೆ ಅದು ಬಿಡುವಿನ ಕಾಲ. ಊರಿನವರಿಗೆ ಅದು ಯಾವ ಕಾಲವೆಂಬುದನ್ನು ಮಾತ್ರ ಬಂದವರಲ್ಲಿ ಬಹಳ ಮಂದಿ ವಿಚಾರಿಸಿದಂತೆ ತೋರುವುದಿಲ್ಲ. ಕರಾವಳಿಯಲ್ಲಿ ಚಳಿಯು ಹೆಸರಿಗೆ ಮಾತ್ರ. ಬೆಳಗಿನ ಜಾವ ನೆಲದಿಂದ ಕಡಲ ಕಡೆಗೆ ಬೀಸುವ ಗಾಳಿಯಲ್ಲಿ ಒಂದಿಷ್ಟು ತಂಪಿರುತ್ತದೆ, ಅಷ್ಟೆ. ಮಳೆ ನಿಂತಿದೆ, ಸೆಕೆ ಬಂದಿಲ್ಲ; ಮೈ ಬಗ್ಗಿಸಿ ದುಡಿಯಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿಯೂ ಮರಳುಭೂಮಿಯಲ್ಲಿಯೂ ಹಾಲಕ್ಕಿ ಒಕ್ಕಲಿಗರು ತರಕಾರಿಯನ್ನು ಬೆಳೆಯುವುದು ಈಗಲೇ. ಹರಿವೆ, ಮೂಲಂಗಿ, ಬದನೆ, ಗೆಣಸು ಇವುಗಳ ಓಳಿಗಳಿಗೆ ತಗ್ಗಿನ ಹೊಂಡದಿಂದ ನೀರನ್ನು ಕೊಡದಲ್ಲಿ ತುಂಬಿ ಹೊತ್ತು ಎರೆಯುವ ಪದ್ಧತಿ ಅಲ್ಲಿಯದು. ಹೆಂಗಸರು ಬುಟ್ಟಿಗಳನ್ನು ತಲೆಯ ಮೇಲಿರಿಸಿಕೊಂಡು ಪೇಟೆಗೆ ಬರುವರು. ತೆಂಕಣಕ್ಕೆ ಕುಮಟೆಯ ಬಳಿಯ ಹಳ್ಳಿಗಳಲ್ಲಿ ಸಿಹಿ ಈರುಳ್ಳಿಯ ನಾಟಿ ನಡೆಯುವುದೂ ಈ ದಿನಗಳಲ್ಲಿಯೇ. ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಮಳೆಗಾಲದ ನೀರನ್ನು ಹೊರದೂಡಿ, ಕಟ್ಟೆಗಳನ್ನು ಸರಿಪಡಿಸಿ, ಪಾತಿಗಳ ನೆಲವನ್ನು ತುಳಿದು ಗಟ್ಟಿಗೊಳಿಸಿ, ಉಬ್ಬರದ ನೀರನ್ನು ಒಳಗೆ ಬಿಡುವ ಸಿದ್ಧತೆಗಳು ನಡೆದಿರುತ್ತವೆ. ಮೀನುಗಾರರ ದೋಣಿಗಳು ಕಡಲಿನಲ್ಲಿರುತ್ತವೆ. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಧನುರ್ಮಾಸವಾದುದರಿಂದ ದೇವಸ್ಥಾನಗಳಲ್ಲಿ ಸೂರ್ಯೋದಯಕ್ಕೆ ಮೊದಲೇ ಪೂಜೆಯು ಮುಗಿಯಬೇಕು. ಊರಿನ ಮಕ್ಕಳಿಗಾದರೂ ಬಿಡುವಿದೆಯೇ ಎಂದರೆ ಅದೂ ಇಲ್ಲ. ಸರಕಾರಿ ಶಾಲೆಗಳಿಗೆ ದೊಡ್ಡ ರಜೆಗಳು ದಸರೆಯಲ್ಲಿ ಮತ್ತು ಬೇಸಗೆಯಲ್ಲಿ. ಪಾಟಿಚೀಲವನ್ನು ಹೆಗಲಿಗೆ ಹಾಕಿಕೊಂಡ ಹುಡುಗನು ಕಡಲಿಗೆ ಹೊರಟ ತನ್ನ ವಯಸ್ಸಿನ ಹುಡುಗನನ್ನು ದಾರಿಯಲ್ಲಿ ಸಂಧಿಸುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ತಿರುಗಿ ನೋಡುತ್ತಾರೆ.

ಕರಾವಳಿಯ ಸ್ವಂತ ವಿಶ್ರಾಂತಿಯು ಮಳೆಗಾಲಕ್ಕೆ ಸೇರಿದುದು. ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿವಸ, ಯಂತ್ರದೋಣಿಗಳು ಕಡಲಿಗಿಳಿಯಕೂಡದೆಂದು ಪಶ್ಚಿಮ ತೀರದಲ್ಲಿ ನಿರ್ಬಂಧವಿದೆ. ಮೀನುಗಳ ಸಂತಾನವೃದ್ಧಿಗೆ ಅದು ಅನುಕೂಲವಾದುದು. ಬಲೆಯ ಹರಕನ್ನು ಹೊಲಿಯುತ್ತ ಜಗುಲಿಯ ಮೇಲೆ ಕುಳಿತ ಮನುಷ್ಯನಿಗೂ ಅದೇ ಅನಧ್ಯಾಯ. ಸಂನ್ಯಾಸಿಗಳ ಚಾತುರ್ಮಾಸ್ಯವೂ ಆ ಕಾಲದಲ್ಲಿಯೇ ಬರುವುದು. ವರ್ಷವಿಡೀ ಊರೂರು ಅಲೆಯತಕ್ಕವನು ಮಳೆಗಾಲದಲ್ಲಿ ಒಂದೆಡೆ ನಿಲ್ಲಬೇಕು. ಏಕೆಂದರೆ ಆಗ ಹಾದಿಯ ತುಂಬ ಹುಳುಹುಪ್ಪಟೆಗಳು ಹುಟ್ಟಿರುತ್ತವೆ, ನಡೆದರೆ ಅವು ಸಾಯುತ್ತವೆ. ತನ್ನ ಕಾಲಿನ ಕೆಳಗೆ ಯಾರಿರುವರೆಂಬ ಎಚ್ಚರದಿಂದ ಹುಟ್ಟಿದ ವಿಶ್ರಾಂತಿಯದು. ಅದರಲ್ಲಿ ಹೋಗುವ ಮಾತಿಲ್ಲ, ನಿಲ್ಲುವ ಮಾತೇ ಇದೆ. ಹೋಗುವುದೇ ವಿಶ್ರಾಂತಿಯೆಂಬ ಭಾವನೆಯು ಹೊಸದು. ಹೊಸದಾದುದರಿಂದಲೇ ಅದು ಕೆಟ್ಟದ್ದೆಂದು ಹೇಳಬಂದುದಲ್ಲ; ದೇಶಸಂಚಾರದಿಂದ ಬುದ್ಧಿ ವಿಕಾಸವಾಗುವುದೆಂಬುದು ಹಳಬರಿಗೂ ಗೊತ್ತಿತ್ತು. ಆದರೆ ಹೋಗುವವನ ವಿಶ್ರಾಂತಿಯು ಇನ್ನೊಬ್ಬನ ದುಡಿಮೆಯಿಂದ ನೇಯಲ್ಪಟ್ಟುದೆಂಬುದಂತೂ ನಿಶ್ಚಯ. ಒಬ್ಬನು ಹತ್ತು ಗಂಟೆಯ ವರೆಗೆ ಮಲಗಬೇಕಾದರೆ ಇನ್ನೊಬ್ಬನು ನಾಲ್ಕು ಗಂಟೆಗೆ ಎದ್ದು ನೀರು ಸೇದಬೇಕಾಗುತ್ತದೆ. ಡಿಸೆಂಬರ್ 31ರ ರಾತ್ರಿಯನ್ನು ಹಾಡುತ್ತ ಕುಣಿಯುತ್ತ ಕಳೆದವರು ಮಲಗಲು ಹೋಗುವ ಹೊತ್ತೂ, ಧನುರ್ಮಾಸದ ಪೂಜೆಗೆಂದು ಮುದುಕಿಯೊಬ್ಬಳು ಮಿಂದು ಅಂಗಳಕ್ಕೆ ಬರುವ ಹೊತ್ತೂ ಒಂದೇ.

ಗೋಕರ್ಣದಲ್ಲಿ ಅತಿಥಿಸತ್ಕಾರವು ಹೊಸ ಉದ್ಯೋಗವಲ್ಲ. ಉಪಾಧಿವಂತರ ಮನೆಗಳಲ್ಲಿ ಯಾತ್ರಿಕರು ಇಳಿದುಕೊಳ್ಳುತ್ತಿದ್ದರು. ಅಲ್ಲಿಯೇ ಸ್ನಾನ, ಅಲ್ಲಿಯೇ ಊಟ, ಅಲ್ಲಿಯೇ ಮಲಗುವುದು. ತೀರ್ಥಶ್ರಾದ್ಧ ಮೊದಲಾದ ಕರ್ಮಗಳನ್ನು ಆ ಮನೆಯವರೇ ಮಾಡಿಸುತ್ತಿದ್ದರು. ಹೊರಡುವಾಗ ಯಾತ್ರಿಕನು ಯಥಾಶಕ್ತಿ ದಕ್ಷಿಣೆಯನ್ನು ಇಡುತ್ತಿದ್ದನು. ಈ ವ್ಯವಸ್ಥೆಯಲ್ಲಿ ಎಲ್ಲವೂ ಸಾತ್ತ್ವಿಕವಾಗಿತ್ತೆಂದು ನಟಿಸಬೇಕಾಗಿಲ್ಲ. ಕ್ಷೇತ್ರಗಳಲ್ಲಿ ಯಾತ್ರಿಕನಿಗಾಗಿ ನಡೆಯುವ ಎಳೆದಾಟವನ್ನೂ ದಕ್ಷಿಣೆ ಸಾಲದೆಂದು ಗಂಟಿಕ್ಕಿದ ಹುಬ್ಬುಗಳನ್ನೂ ಕಾಣದವರು ಯಾರು? ಆದರೂ ದಕ್ಷಿಣೆಗೂ ಬಾಡಿಗೆಗೂ ಒಂದು ಭೇದವಿದೆ. ಬಾಡಿಗೆಯು ಮೊದಲೇ ಗೊತ್ತಾದುದು. ಕೊಟ್ಟೊಡನೆ ಇಬ್ಬರ ಲೆಕ್ಕವೂ ಸಮನಾಗಿ, ಕೊಟ್ಟವನೂ ಪಡೆದವನೂ ಒಬ್ಬರಿಗೊಬ್ಬರು ಅಪರಿಚಿತರಾಗಬಹುದು. ದಕ್ಷಿಣೆಯು ಕೊನೆಗೆ ಕೊಡುವಂಥದು, ಅಳತೆಯಿಲ್ಲದ್ದು. ಎಷ್ಟು ಕೊಟ್ಟರೂ ಏನೋ ಒಂದಿಷ್ಟು ಉಳಿಯಿತೆಂಬ ಭಾವವು ಕೊಟ್ಟವನ ಮನಸ್ಸಿನಲ್ಲಿ ಇದ್ದೇ ಇರುವುದು. ಆ ಉಳಿಕೆಯ ಬಲದಿಂದಲೇ ಮಗನು ದೊಡ್ಡವನಾಗಿ ತನ್ನ ತಂದೆಯು ಇಳಿದುಕೊಂಡಿದ್ದ ಮನೆಯನ್ನು ಹುಡುಕಿಕೊಂಡು ಬರುತ್ತಿದ್ದನು. ಲೆಕ್ಕವು ತೀರಿಹೋಗಿದ್ದರೆ ಯಾರು ಬರುತ್ತಿದ್ದರು?

ಅತಿಥಿಯೆಂಬ ಶಬ್ದಕ್ಕೆ ಯಾರ ಬರವಿಗೆ ಇಂಥದೇ ತಿಥಿಯೆಂಬುದಿಲ್ಲವೋ ಅವನು ಎಂದು ಒಂದು ನಿರ್ವಚನವನ್ನು ಹೇಳುವರು. ಒಂದು ರಾತ್ರಿ ಮಾತ್ರ ತಂಗುವವನೆಂದು ಮನುವು ಹೇಳುತ್ತಾನೆ. ಈಗ ಬರುವವನಾದರೋ ತಿಂಗಳ ಮೊದಲೇ ತನ್ನ ತಿಥಿಯನ್ನು ತಿಳಿಸಿ, ಮುಂಗಡವನ್ನು ಕೊಟ್ಟು, ಇಷ್ಟು ಗಂಟೆಗೆ ಒಳಬಂದು ಇಷ್ಟು ಗಂಟೆಗೆ ಹೊರಹೋಗುವೆನೆಂದು ಕರಾರು ಮಾಡಿಕೊಂಡವನು. ವ್ಯಾಕರಣವು ಒಪ್ಪುವುದಾದರೆ ಇವನನ್ನು ‘ಸತಿಥಿ’ಯೆಂದು ಕರೆಯಬೇಕು. ಹೋಂಸ್ಟೇ ಎಂಬ ಇಂಗ್ಲಿಷಿನ ಜೋಡುಶಬ್ದವೊಂದು ಈಗ ಹಳ್ಳಿಯ ಅಜ್ಜಿಯರ ಬಾಯಲ್ಲಿಯೂ ಹೊರಳುತ್ತಿದೆ. ಮನೆಯೆಂಬುದೂ ತಂಗುವಿಕೆಯೆಂಬುದೂ ಅದರಲ್ಲಿ ಒಟ್ಟಿಗಿವೆ. ಆದರೆ ಮಾರಲ್ಪಟ್ಟುದು ಇವೆರಡರಲ್ಲಿ ಯಾವುದು? ತಂಗುವಿಕೆಯೋ, ಮನೆಯೋ?

ಸಜ್ಜನರ ಮನೆಯಲ್ಲಿ ಎಷ್ಟೇ ಬಡತನವಿದ್ದರೂ ನಾಲ್ಕು ವಸ್ತುಗಳಿಗೆ ಮಾತ್ರ ಎಂದೂ ಕೊರತೆಯಿರದೆಂದು ಅದೇ ಮನುವು ಹೇಳಿರುವನು: ಕುಳ್ಳಿರಲು ಹುಲ್ಲಿನ ಹಾಸು, ಮಲಗಲು ನೆಲ, ಕುಡಿಯಲು ನೀರು, ನಾಲ್ಕನೆಯದಾಗಿ ಒಂದು ಒಳ್ಳೆಯ ಮಾತು. ಈ ನಾಲ್ಕಕ್ಕೆ ಬೆಲೆಯಿಲ್ಲವೆಂಬುದು ಆ ಕಾಲದ ಭಾವನೆ. ಇಂದಿನ ಕಡಲತೀರದ ಊರಿನಲ್ಲಿ ಅತ್ಯಂತ ಬೆಲೆಬಾಳುವ ಪದಾರ್ಥವೇ ನೆಲ. ನೀರಿನ ಸಂಗತಿಯು ಇನ್ನೂ ಸೂಕ್ಷ್ಮವಾದುದು. ಮರಳುನೆಲದ ಬಾವಿಯಲ್ಲಿರುವ ಸಿಹಿನೀರು ಮಳೆಯು ಕೊಟ್ಟುದು; ಅದು ಕೆಳಗೆ ಹಬ್ಬಿರುವ ಉಪ್ಪುನೀರಿನ ಮೇಲೆ, ಹಗುರವಾದುದರಿಂದ, ತೇಲುತ್ತಿರುತ್ತದೆ. ಕೊಡದಿಂದ ಸೇದುವಷ್ಟು ಕಾಲ ಅದು ಉಳಿಯುತ್ತದೆ; ಪಂಪು ಹಚ್ಚಿ ಮಿತಿಮೀರಿ ಎಳೆದರೆ ಕೆಳಗಿನ ಉಪ್ಪು ಮೇಲೇರಿಬರುತ್ತದೆ. ಜನವರಿಯಲ್ಲಿ ಎರಡು ಹೊತ್ತು ಯಥೇಚ್ಛವಾಗಿ ಮಿಂದವನು ಮನೆಗೆ ಹಿಂದಿರುಗಿರುವನು; ಬಾವಿಯ ನೀರು ಸವಳಾಗುವುದು ಏಪ್ರಿಲಿನಲ್ಲಿ. ಕೊಠಡಿಯ ಬಾಡಿಗೆಯಲ್ಲಿ ಏಪ್ರಿಲಿನ ನೀರಿನ ಬೆಲೆಯು ಸೇರಿತ್ತೇ? ಸೇರಿತ್ತೆಂದು ಯಾವ ಲೆಕ್ಕಿಗನೂ ಹೇಳಲಾರನು. ಸೇರಿದ್ದರೂ ಅದು ಬಾಡಿಗೆ ಪಡೆದ ಮನೆಗೆ ಸಂದಿತು. ಅದೇ ನೆಲದಡಿಯ ನೀರನ್ನು ನಂಬಿದ ನೆರೆಯ ತರಕಾರಿಯ ಓಳಿಗೆ ಸಂದಿತೇ?

ಇಷ್ಟನ್ನು ಕೇಳಿ ಊರಿನ ತರುಣನೊಬ್ಬನು ಸಿಡುಕಿದರೆ ಅವನ ಮಾತನ್ನೂ ಪೂರ್ಣವಾಗಿ ಕೇಳತಕ್ಕದ್ದು. ಅವನು ಹೀಗೆನ್ನಬಹುದು: “ನಮ್ಮ ಅಜ್ಜ ದಕ್ಷಿಣೆಯ ಚಿಲ್ಲರೆಗಾಗಿ ಕಂಡವರ ಮುಖ ನೋಡುತ್ತಿದ್ದರು. ನಮ್ಮ ಚಿಕ್ಕಪ್ಪ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಓಡಿ ಹೊಟೇಲಿನಲ್ಲಿ ಲೋಟ ತೊಳೆದರು. ನಾನು ನನ್ನ ಊರಿನಲ್ಲಿಯೇ ಇದ್ದೇನೆ. ನನ್ನ ತಾಯಿಯ ಔಷಧಕ್ಕೆ ಯಾರ ಬಳಿಯೂ ಕೈಯೊಡ್ಡುವುದಿಲ್ಲ. ಬಾಡಿಗೆಯಲ್ಲಿ ಮಾನವಿದೆ, ದಕ್ಷಿಣೆಯಲ್ಲಿ ಹಂಗಿದೆ. ನೀವು ಹೊಗಳುವ ಆ ಉಳಿಕೆಯ ಋಣ ನಮಗೆ ಬೇಡ.” ಈ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಕರಾವಳಿಯಿಂದ ಮುಂಬಯಿಯ ಹೊಟೇಲುಗಳಿಗೆ ಹೋದ ಹುಡುಗರ ಕಥೆಯು ಎರಡು ಮೂರು ತಲೆಮಾರಿನ ಕಣ್ಣೀರಿನ ಕಥೆ. ಆತಿಥ್ಯವೆಂಬ ದೊಡ್ಡ ಹೆಸರಿನ ಕೆಳಗೆ ಹೆಂಗಸರ ಬೆನ್ನು ಮುರಿಯುವ ದುಡಿಮೆಯು ಪುಕ್ಕಟೆಯಾಗಿ ನಡೆದುದನ್ನೂ ಮರೆಯಕೂಡದು; ಮನೆಯ ಯಜಮಾನನಿಗೆ ಅತಿಥಿಯು ದೇವರು, ಒಲೆಯ ಮುಂದೆ ಇದ್ದವಳಿಗೆ ಅವನು ಇನ್ನೊಂದು ಸೇರು ಅಕ್ಕಿ. ಅವಳ ಕೈಗೆ ಇಂದು ನಾಲ್ಕು ಕಾಸು ಬರುತ್ತಿದ್ದರೆ ಅದನ್ನು ಶೋಚಿಸುವವನು ಧರ್ಮವನ್ನು ಬಲ್ಲವನಲ್ಲ. ಆದಕಾರಣ ಬಾಡಿಗೆಯು ಪಾಪವೆಂಬ ಸಿದ್ಧಾಂತವನ್ನು ಇಲ್ಲಿಯೇ ಬಿಟ್ಟುಬಿಡತಕ್ಕದ್ದು.

ಬಿಟ್ಟರೂ ಪ್ರಶ್ನೆಯು ಉಳಿಯುತ್ತದೆ. ಧರ್ಮಶಾಸ್ತ್ರಕಾರರು ಮಾಡುವಂತೆ ಒಂದು ಪ್ರಸಂಗವನ್ನು ಕಲ್ಪಿಸಿ ಅದನ್ನು ಪರೀಕ್ಷಿಸಬಹುದು. ಮೂರು ಕೊಠಡಿಗಳನ್ನು ಬಾಡಿಗೆಗೆ ಕೊಡುವ ಒಂದು ಮನೆ. ಡಿಸೆಂಬರಿನ ಕೊನೆಯ ವಾರಕ್ಕೆ ಮೂರೂ ಕೊಠಡಿಗಳಿಗೆ ಮುಂಗಡವು ಬಂದಿದೆ. ಆ ಹಣವು ಛಾವಣಿಯ ಸಾಲಕ್ಕೆ ಸಂದುಹೋಗಿದೆ. ನಾಳೆ ಬೆಳಿಗ್ಗೆ ಜನ ಬರತಕ್ಕವರು. ಇಂದು ರಾತ್ರಿ ಮನೆಯ ಹಿರಿಯಳು, ಯಜಮಾನನ ತಾಯಿ, ತೀರಿಕೊಂಡಳು. ಮನೆಗೆ ಹತ್ತು ದಿವಸದ ಸೂತಕ. ಹಳೆಯ ವಿಧಿಯು ಸ್ಪಷ್ಟವಾಗಿದೆ: ಆ ಮನೆಯ ಅನ್ನವು ಪರರಿಗೆ ಸಲ್ಲದು, ಒಲೆಯ ಕೆಲಸವನ್ನು ನೆರೆಯವರೂ ಬಂಧುಗಳೂ ನೋಡಿಕೊಳ್ಳತಕ್ಕದ್ದು. ಕರಾರಿನ ವಿಧಿಯೂ ಅಷ್ಟೇ ಸ್ಪಷ್ಟವಾಗಿದೆ: ಹಣವನ್ನು ತೆಗೆದುಕೊಂಡವನು ಕೊಠಡಿಯನ್ನು ಕೊಡಬೇಕು, ಇಲ್ಲವೆ ಹಣವನ್ನು ಹಿಂದಿರುಗಿಸಬೇಕು. ಬರುವವರಿಗೆ ಊರಿನಲ್ಲಿ ಆ ವಾರ ಬೇರೆ ಕೊಠಡಿಯು ಸಿಗಲಾರದು. ಯಜಮಾನನು ಏನು ಮಾಡತಕ್ಕದ್ದು?

ಕೊಠಡಿಗಳಿಗೆ ಹಿಂಬದಿಯಿಂದ ಬೇರೆ ಬಾಗಿಲಿದೆ, ಅತ್ತಲಿಂದ ಒಳಗೆ ಬಿಟ್ಟು ಸುಮ್ಮನಿರಬಹುದೆಂದು ವ್ಯವಹಾರ ಬಲ್ಲವರು ಹೇಳುವರು. ಅಳುವ ಧ್ವನಿಯು ಕೇಳದಂತೆ ನಡುಬಾಗಿಲನ್ನು ಮುಚ್ಚಿದರಾಯಿತು! ಈ ಸಲಹೆಯಲ್ಲಿಯೇ ವಿಷಯದ ಮರ್ಮವಿದೆ. ಆರ್ತನ ಧ್ವನಿಯು ಕಿವಿಗೆ ಬಿದ್ದರೆ ವೇದವನ್ನೇ ಮುಚ್ಚಿಡಬೇಕೆಂದು ಸ್ಮೃತಿಯು ವಿಧಿಸಿತು. ಇಲ್ಲಿ ಬಿಡುವಿನಲ್ಲಿರುವವನ ಸುಖಕ್ಕೆ ಭಂಗ ಬಾರದಿರಲೆಂದು ಆರ್ತನೇ ತನ್ನ ಬಾಯನ್ನು ಮುಚ್ಚಿಕೊಳ್ಳಬೇಕಾಗಿದೆ. ಇದನ್ನು ಬಂದವನು ಬೇಡಿದನೇ? ಬೇಡಿರಲಿಕ್ಕಿಲ್ಲ. ಅವನಿಗೆ ತಿಳಿದಿದ್ದರೆ ಅವನು ನೊಂದುಕೊಳ್ಳುತ್ತಿದ್ದನೇನೋ. ಆದರೆ ಮಾರಾಟದ ಸ್ವಭಾವವೇ ಹೀಗೆ, ಕೊಳ್ಳುವವನಿಗೆ ತಿಳಿಯದಂತೆ ಮಾರುವವನ ಬಾಯನ್ನು ಅದು ಕಟ್ಟುತ್ತದೆ. ಬೆಲೆಯು ಗೊತ್ತಾಗುವಾಗ ಕೊಠಡಿ, ಹಾಸಿಗೆ, ಊಟ, ಕಡಲಿನ ನೋಟ ಇವುಗಳ ಮಾತು ಬಂದಿತ್ತು. ತಾಯಿಯನ್ನು ಕಳೆದುಕೊಂಡವನ ಅಳುವಿನ ಮಾತು ಬಂದಿರಲಿಲ್ಲ. ಯಾವುದಕ್ಕೆ ಬೆಲೆ ಗೊತ್ತಾಯಿತೋ ಅದು ಕರಾರಿಗೆ ಸೇರಿತು. ಬೆಲೆ ಗೊತ್ತಾಗದೆ ಉಳಿದ ಆ ಮನೆಯ ಮೌನ, ಬೆಳಗಿನ ಪೂಜೆ, ಬಾವಿಯ ಕೆಳಗಿನ ಉಪ್ಪು, ಶಾಲೆಯ ಹುಡುಗನ ತಿರುಗಿ ನೋಡುವ ನೋಟ ಇವೆಲ್ಲ ಯಾವ ನ್ಯಾಯಕ್ಕೆ ಒಳಪಟ್ಟವು? ಕರಾರಿಗೆ ಅಲ್ಲ. ಅವು ಹಳೆಯ ನ್ಯಾಯದಲ್ಲಿಯೇ ಉಳಿದಿವೆ. ಅಲ್ಲಿ ಹಣ ಕೊಟ್ಟವನೂ ಬರಿಯ ಅತಿಥಿಯೇ.

ಶಾಸ್ತ್ರಗಳಲ್ಲಿ ಆತಿಥೇಯನ ಧರ್ಮವು ವಿಸ್ತಾರವಾಗಿ ಹೇಳಲ್ಪಟ್ಟಿದೆ. ಅತಿಥಿಯ ಧರ್ಮವು ಅಷ್ಟಾಗಿ ಹೇಳಲ್ಪಟ್ಟಿಲ್ಲ. ಪರರ ಅನ್ನಕ್ಕಾಗಿ ಹವಣಿಸುತ್ತ ತಿರುಗುವ ಗೃಹಸ್ಥನು ಮುಂದಿನ ಜನ್ಮದಲ್ಲಿ ಆ ಅನ್ನದಾತರ ಪಶುವಾಗಿ ಹುಟ್ಟುವನೆಂದು ಮನುವು ಒಂದು ಕಡೆ ಹೆದರಿಸಿರುವನು. ಅದು ಹೆದರಿಕೆಯೇ ಹೊರತು ಉಪದೇಶವಲ್ಲ. ಉಪದೇಶವನ್ನು ಕಥೆಗಳಲ್ಲಿ ಹುಡುಕಬೇಕು. ಉಪೇಕ್ಷಿತರಾದ ಇಬ್ಬರು ಅತಿಥಿಗಳು ಎಲ್ಲರಿಗೂ ಪರಿಚಿತರು. ಕಾಳಿದಾಸನ ಶಾಕುಂತಲದಲ್ಲಿ ದುರ್ವಾಸರು ಕಣ್ವಾಶ್ರಮಕ್ಕೆ ಬಂದಾಗ ಶಕುಂತಲೆಯು ಗಂಡನ ಚಿಂತೆಯಲ್ಲಿ ಮೈಮರೆತಿದ್ದಳು. ಬಂದವರು ಕೂಗಿದುದು ಅವಳಿಗೆ ಕೇಳಿಸಲಿಲ್ಲ. ಅತಿಥಿಸತ್ಕಾರದ ಭಾರವನ್ನು ಕಣ್ವರು ಅವಳಿಗೆ ಒಪ್ಪಿಸಿ ಹೋಗಿದ್ದರಾದುದರಿಂದ ತಪ್ಪು ಅವಳದೇ ಸರಿ. ವಿಧಿಯು ದುರ್ವಾಸರ ಪಕ್ಷದಲ್ಲಿತ್ತು. ಅವರು ಶಪಿಸಿದರು, ಹೊರಟುಹೋದರು. ಸಖಿಯು ಓಡಿಹೋಗಿ ಕಾಲು ಹಿಡಿದ ಮೇಲೆ ಶಾಪಕ್ಕೆ ಒಂದು ಮಿತಿಯು ಬಂತು. ಅವಳೇಕೆ ಮೈಮರೆತಿರುವಳೆಂದು ಕ್ಷಣಮಾತ್ರ ನಿಂತು ನೋಡಲು ಅವರಿಗೆ ಬಿಡುವಿರಲಿಲ್ಲ.

ಇನ್ನೊಬ್ಬನು ನಚಿಕೇತನು. ಯಮನ ಮನೆಗೆ ಹೋದಾಗ ಯಜಮಾನನು ಊರಿನಲ್ಲಿರಲಿಲ್ಲ. ಮೂರು ರಾತ್ರಿ ಆ ಹುಡುಗನು ಅನ್ನವಿಲ್ಲದೆ ಬಾಗಿಲಲ್ಲಿ ಕಾದನು. ಶಪಿಸುವ ಹಕ್ಕು ಅವನಿಗೂ ಇತ್ತು. ಅನ್ನವಿಲ್ಲದೆ ಅತಿಥಿಯು ಉಳಿದ ಮನೆಯ ಪುಣ್ಯವೆಲ್ಲ ನಾಶವಾಗುವುದೆಂಬ ಭಯದಿಂದಲೇ ಯಮನು ಮರಳಿ ಬಂದೊಡನೆ ಮೂರು ವರಗಳನ್ನು ಕೊಟ್ಟನು. ಆಗ ಹುಡುಗನು ಮೊದಲು ಬೇಡಿದುದು ತನ್ನ ತಂದೆಯ ಮನಸ್ಸು ಶಾಂತವಾಗಲೆಂಬುದನ್ನು. ಕಠೋಪನಿಷತ್ತಿನ ಮುಂದಿನ ಭಾಗದಲ್ಲಿ ಬರುವ ದೊಡ್ಡ ವಿಚಾರಗಳಿಗೆ ವ್ಯಾಖ್ಯಾನಗಳು ಬೇಕಾದಷ್ಟಿವೆ. ಆದರೆ ಆ ಮೂರು ರಾತ್ರಿಗಳ ಕಡೆಗೆ ಓದುವವರ ಗಮನವು ಸಾಲದು. ಬಾಗಿಲಲ್ಲಿ ಕಾದು ಕುಳಿತವನಿಗೆ ಆ ಮನೆಯು ಎಂಥದು, ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಲು ಸಮಯ ಸಿಕ್ಕಿರಬೇಕು. ಇಬ್ಬರೂ ಅತಿಥಿಗಳೇ, ಇಬ್ಬರಿಗೂ ಸಲ್ಲಬೇಕಾದುದು ಸಲ್ಲಲಿಲ್ಲ. ಸಲ್ಲಬೇಕಾದುದು ಸಲ್ಲದಾಗ ಮನುಷ್ಯನು ಹೇಗಿರುವನೆಂಬುದರಲ್ಲಿ ಅವನ ಅತಿಥಿಧರ್ಮವು ಕಾಣುತ್ತದೆ.

ಆತಿಥೇಯನ ಪಾಲಿಗೂ ಒಂದು ಕಠಿಣವಾದ ಮಾತನ್ನು ಹೇಳದೆ ಗತ್ಯಂತರವಿಲ್ಲ. ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿಯಾಗಿರುವನೆಂಬುದು ಪ್ರಸಿದ್ಧವಾಗಿದೆ. ಶತಪಥಬ್ರಾಹ್ಮಣವು ಅವುಗಳ ಜತೆಗೆ ನಾಲ್ಕನೆಯದನ್ನೂ ಸೇರಿಸಿದೆ, ಮನುಷ್ಯರ ಋಣ; ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಅದು ತೀರುವುದೆಂದು ಹೇಳಿದೆ. ಬೆಲೆಯನ್ನು ಪಡೆದು ಕೊಟ್ಟರೆ ಆ ಋಣವು ತೀರುವುದೇ? ಪೂರ್ತಿಯಾಗಿ ತೀರಲಾರದು. ಮೂರು ಕೊಠಡಿಗಳಿದ್ದವನು ನಾಲ್ಕನೆಯದನ್ನೂ ಜಗುಲಿಯನ್ನೂ ದೇವರಮನೆಯ ಮುಂದಣ ಪಡಸಾಲೆಯನ್ನೂ ಬಾಡಿಗೆಗೆ ಹಚ್ಚಿದರೆ, ಹೊತ್ತುಗೊತ್ತಿಲ್ಲದೆ ಬಂದ ತಂಗಿಯ ಮಗನಿಗೆ, ಬಸ್ಸು ತಪ್ಪಿದ ಮುದುಕನಿಗೆ, ಹಣವಿಲ್ಲದ ಯಾತ್ರಿಕನಿಗೆ ಹಾಸಲು ಅವನಲ್ಲಿ ನೆಲವೆಲ್ಲಿ ಉಳಿಯಿತು? ಇಂಥ ಮನೆಯಲ್ಲಿ ಸತಿಥಿಗೆ ಎಡೆಯುಂಟು, ಅತಿಥಿಗೆ ಇಲ್ಲ. ವರ್ಷದ ಬಿಡುವಿಲ್ಲದ ತಿಂಗಳಿನಲ್ಲಿಯೂ ಒಂದು ಜಗುಲಿಯನ್ನು ಮಾರದೆ ಇಟ್ಟುಕೊಳ್ಳುವವನಿಗೆ ನಷ್ಟವಾಗುವುದು ನಿಜ. ಆ ನಷ್ಟವನ್ನು ಭರಿಸಲಾರದಷ್ಟು ಕಷ್ಟದಲ್ಲಿರುವವನ ಮಾತು ಬೇರೆ. ಆದರೆ ಪ್ರತಿ ವರ್ಷವೂ ಒಂದೊಂದು ಮಹಡಿಯನ್ನು ಏರಿಸುತ್ತಿರುವವನು ಹಾಗೆ ಹೇಳಲಾಗದು.

ಕಲ್ಪಿಸಿದ ಪ್ರಸಂಗಕ್ಕೆ ಮರಳಿದರೆ, ಯಜಮಾನನು ಮಾಡತಕ್ಕುದು ಕಠಿಣವಾದರೂ ಗೂಢವಲ್ಲ. ಬರುವವರಿಗೆ ರಾತ್ರಿಯೇ ಸತ್ಯವನ್ನು ತಿಳಿಸತಕ್ಕದ್ದು, ಹಣವನ್ನು ಕಂತಿನಿಂದಲಾದರೂ ಹಿಂದಿರುಗಿಸುವೆನೆಂದು ಹೇಳತಕ್ಕದ್ದು, ನಡುಬಾಗಿಲನ್ನು ಮುಚ್ಚತಕ್ಕದ್ದಲ್ಲ. ಸುದ್ದಿಯು ಮುಟ್ಟದೆ, ರಾತ್ರಿಯೆಲ್ಲ ಪ್ರಯಾಣ ಮಾಡಿ, ಹೆಂಡತಿ ಮಕ್ಕಳೊಡನೆ ಬೆಳಿಗ್ಗೆ ಅಂಗಳಕ್ಕೆ ಬಂದು ನಿಂತವನು ಮಾಡತಕ್ಕುದು ಏನು? ಅವನ ಮುಂದೆ ದುರ್ವಾಸರ ದಾರಿಯೂ ಇದೆ, ರಸೀತಿಯು ಅವನ ಕಿಸೆಯಲ್ಲಿಯೇ ಇದೆ. ಅವನು ಚಪ್ಪಲಿಯನ್ನು ಕಳಚದೆ ಅಂಗಳದ ಅಂಚಿನಲ್ಲಿ ಹಿಂಜರಿದು ನಿಲ್ಲುತ್ತಾನೆಂದು ಭಾವಿಸಬಹುದು. ಮಕ್ಕಳು ಕಡಲೆಲ್ಲಿಯೆಂದು ಕೇಳುತ್ತಿವೆ. ಹೆಂಡತಿಯು ಅವುಗಳನ್ನು ಸುಮ್ಮನಿರಿಸುತ್ತಾಳೆ. ಜಗುಲಿಯ ಮೇಲೆ ಕುಳಿತ ಗಂಡಸರಲ್ಲಿ ಒಬ್ಬನು ತಲೆಯೆತ್ತಿ ನೋಡಿ, ಯಾರೆಂದು ಗುರುತಿಸಿ, ಏಳಲು ಹೊರಡುತ್ತಾನೆ. ಬಂದವನು ಕೈಸನ್ನೆಯಿಂದ ಅವನನ್ನು ತಡೆಯುತ್ತಾನೆ. ಆ ಮನೆಯಲ್ಲಿ ಆ ದಿವಸ ನೀರನ್ನು ಕೇಳುವಂತಿಲ್ಲ. ಬೇಲಿಯಾಚೆಯ ಮನೆಯಿಂದ ಒಬ್ಬ ಹೆಂಗಸು ಒಂದು ತಂಬಿಗೆ ನೀರನ್ನೂ ಬೆಲ್ಲದ ಚೂರನ್ನೂ ಹಿಡಿದುಕೊಂಡು ಬಂದು, ಮಕ್ಕಳನ್ನು ಇತ್ತ ಕರೆತನ್ನಿರೆಂದು, ಹುಲ್ಲುಚಾಪೆ ಹಾಸಿದ ತನ್ನ ಜಗುಲಿಯನ್ನು ತೋರಿಸುತ್ತಾಳೆ.